ಮೊದಲ ಏಟು ತಾಯಿಯದು

ಲಿಂಗಂಪಲ್ಲಿ ಸ್ಟೇಷನ್ನಿನ ಆಚೆ, ಹೊಸ ಕಟ್ಟಡಗಳು ಏಳುವ ಕಡೆ, ಕೂಲಿಯವರ ತಗಡಿನ ಶೆಡ್ಡುಗಳ ಸಾಲಿನಲ್ಲಿ ಸುಗಲಮ್ಮನ ಕೈ ಗೊತ್ತಿಲ್ಲದವರಿಲ್ಲ. ಯಾದಗಿರಿ ಕಡೆಯಿಂದ ಬಂದ ಹೆಂಗಸು. ವಯಸ್ಸು ಮೂವತ್ತೆಂಟು, ಮೈಯಲ್ಲಿ ಹಿಡಿ ಮಾಂಸವಿಲ್ಲ. ಆದರೆ ನೀರಿನ ಟ್ಯಾಂಕರ್ ಬಂದಾಗ ಸರದಿ ತಪ್ಪಿಸಿದ ಒಬ್ಬ ಗಟ್ಟಿಮುಟ್ಟಾದ ಗಂಡಸಿಗೆ ಕೊಡದಿಂದ ಬಾರಿಸಿ ಮುಂದಿನ ಎರಡು ಹಲ್ಲು ಉದುರಿಸಿದವಳು. ಬಡವನ ಕೋಪ ದವಡೆಗೆ ಮೂಲ ಅನ್ನುತ್ತಾರೆ. ಸುಗಲಮ್ಮನ ಕೋಪ ಯಾವಾಗಲೂ ಬೇರೆಯವರ ದವಡೆಗೇ ಮೂಲವಾಗುತ್ತಿತ್ತು.

ಆ ಕೈಯ ಏಟು ಎಲ್ಲರಿಗಿಂತ ಹೆಚ್ಚು ತಿಂದವಳು ಅವಳ ಒಬ್ಬಳೇ ಮಗಳು, ಹನ್ನೆರಡು ವರ್ಷದ ದಾನೇಶ್ವರಿ.

ನೋಡಿದವರು ಇವಳೇನು ತಾಯಿಯೋ ಮಾರಿಯೋ ಅನ್ನುತ್ತಿದ್ದರು. ಅನ್ನಲಿ. ಅನ್ನುವವರ ನಾಲಿಗೆಗೆ ಏನು ಖರ್ಚು? ಸುಗಲಮ್ಮ ಹುಟ್ಟಿದ ಕೇರಿಯಲ್ಲಿ ಹೆಂಗಸರಿಗೆ ಒಂದು ಕಟ್ಟಳೆ ಇತ್ತು. ಮಗು ಮಂದಿಯ ಕಣ್ಣಿಗೆ ತಪ್ಪು ಮಾಡಿದರೆ ಮೊದಲ ಏಟು ತಾಯಿಯದಾಗಬೇಕು. ಮಂದಿ ಎದ್ದು ಬರುವ ಮೊದಲೇ ಅವಳು ಓಡಿ ಹೋಗಿ, ನಾಲ್ಕು ಜನ ನೋಡುವಂತೆ, ಸಪ್ಪಳ ಬರುವಂತೆ ಹೊಡೆಯಬೇಕು. ಆಗ ಹೊಡೆಯಲು ಬಂದವರೇ "ಬಿಡಬೇ, ಕೊಲ್ಲತೀಯೇನು" ಎಂದು ಬಿಡಿಸುತ್ತಾರೆ. ತಾಯಿ ಸುಮ್ಮನೆ ಕೂತರೆ ಮಂದಿ ಹೊಡೆಯುತ್ತಾರೆ, ಮಂದಿಯ ಕೈಗೆ ಅಳತೆ ಇರುವುದಿಲ್ಲ. ಹೀಗಾಗಿ ಅಲ್ಲಿಯ ತಾಯಂದಿರು ಕೊಡೆ ಹಿಡಿದಂತೆ ಕೋಲು ಹಿಡಿಯುತ್ತಿದ್ದರು. ಕೊಡೆಯ ಕೆಳಗಿದ್ದ ಮಗುವನ್ನು ಮಾತ್ರ ಯಾರೂ ಕೇಳಲಿಲ್ಲ.

ಸುಗಲಮ್ಮನಿಗೆ ಇದು ಪುಸ್ತಕದ ವಿದ್ಯೆಯಲ್ಲ, ಬೆನ್ನಿನ ವಿದ್ಯೆ. ಏಳು ವರ್ಷದವಳಿದ್ದಾಗ ಊರಲ್ಲಿ ಮೊಹರಂ ನಡೆದಿತ್ತು. ಹಲಗಿ ಬಡಿಯುವವರು ಅವರ ಗುಡಿಸಿಲ ಮುಂದೆಯೇ ನಿಂತು ಹೊತ್ತುಗಟ್ಟಲೆ ಬಡಿದರು. ಹುಡುಗಿ ಕಿವಿ ಮುಚ್ಚಿಕೊಂಡು ಚೀರಿದಳು, ನೆಲಕ್ಕೆ ಹಣೆ ಜಜ್ಜಿಕೊಂಡಳು. ಯಾರೂ ನಿಲ್ಲಿಸದಿದ್ದಾಗ ಒಳಗಿಂದ ಕುಡುಗೋಲು ತಂದು ಹಲಗಿಯ ಚರ್ಮವನ್ನು ಸರ್‍ರನೆ ಸೀಳಿಬಿಟ್ಟಳು. ಜನ ಅವಳನ್ನು ಬಾಯಲ್ಲಿ ರಕ್ತ ಬರುವಂತೆ ಹೊಡೆದರು. ಗಾಳಿ ಮೆಟ್ಟಿದೆ ಎಂದು ಊರಾಚೆಯ ಒಂದು ಗುಡಿಯ ಹಿಂದಿನ ಕೋಣೆಗೆ ಎಳೆದೊಯ್ದು, ಕಾಲಿಗೆ ಸರಪಳಿ ಹಾಕಿ, ಒಂಬತ್ತು ದಿನ ಬೇವಿನ ಬರಲಿನಿಂದ ಬಾರಿಸಿದರು. ಎಡಗಾಲಿನ ಹರಡಿನ ಮೇಲೆ ಆ ಗಾಯದ ಕಪ್ಪು ಉಂಗುರ ಇವತ್ತಿಗೂ ಇದೆ. ಕಾಲುಗೆಜ್ಜೆ ಹಾಕಿ ಹಾಕಿ ಆದದ್ದು ಎಂದು ಸುಗಲಮ್ಮ ಸುಳ್ಳು ಹೇಳುತ್ತಾಳೆ.

ಅದಾದ ಮೇಲೆ ಅವಳ ತಾಯಿ ಕೃಷ್ಣಾಬಾಯಿ ಯಾವತ್ತೂ ತಡಮಾಡಲಿಲ್ಲ. ಮಗಳ ಬಾಯಿ ತೆರೆಯುವ ಮೊದಲೇ ಅವಳ ಕೋಲು ಬೀಳುತ್ತಿತ್ತು. ಸುಗಲಮ್ಮ ಚೀರುವುದನ್ನು ಬಿಟ್ಟಳು, ಕಿವಿಗೆ ಹತ್ತಿ ತುರುಕಿಕೊಳ್ಳುವುದನ್ನು ಕಲಿತಳು. ಒಳಗೆ ನುಂಗಿದ ಚೀರಾಟವೆಲ್ಲ ಮುಂದೆ ಕೈಯಿಂದ ಹೊರಗೆ ಬಂತು. ಗಂಡ ದ್ಯಾವಪ್ಪ ಕುಡಿದು ಬಂದು ಒಂದು ಕೊಟ್ಟರೆ ಇವಳು ಎರಡು ತಿರುಗಿಸಿ ಕೊಡುತ್ತಿದ್ದಳು. ಅವನು ಹೆದ್ದಾರಿಯಲ್ಲಿ ಲಾರಿಯ ಕೆಳಗೆ ಸತ್ತಾಗ ಮಗಳಿಗೆ ನಾಲ್ಕು ವರ್ಷ. ಆಮೇಲೆ ಸುಗಲಮ್ಮ ಹೈದರಾಬಾದಿನಲ್ಲಿ ಮೇಸ್ತ್ರಿಯಾಗಿದ್ದ ಅಣ್ಣ ಮಲ್ಲಣ್ಣನ ಕೂಲಿ ತಂಡಕ್ಕೆ ಸೇರಿದಳು.

ದಾನೇಶ್ವರಿ ಬೇರೆ ಮಕ್ಕಳಂತಿರಲಿಲ್ಲ. ಕಣ್ಣಿಗೆ ಕಣ್ಣು ಕೊಡುತ್ತಿರಲಿಲ್ಲ. ಮಾತು ಕಡಿಮೆ, ಆಡಿದರೂ ಬೇರೆಯವರಿಂದ ಕೇಳಿದ್ದನ್ನೇ ಆಡುತ್ತಿದ್ದಳು. ಬೆಳಿಗ್ಗೆ ಮೊದಲು ಚಹಾ, ಆಮೇಲೆ ರೊಟ್ಟಿ, ಆಮೇಲೆ ತಲೆ ಬಾಚುವುದು. ಇದರಲ್ಲಿ ಒಂದು ಹಿಂದುಮುಂದಾದರೆ ಅವತ್ತು ಶೆಡ್ಡಿನಲ್ಲಿ ಕುರುಕ್ಷೇತ್ರವೇ. ಸಾಲಿನ ಎಲ್ಲ ಶೆಡ್ಡುಗಳ ಮುಂದಿನ ಚಪ್ಪಲಿಗಳನ್ನು ಜೋಡಿ ಮಾಡಿ ಗೋಡೆಗೆ ಹಿಮ್ಮಡಿ ತಾಗುವಂತೆ ಇಡುತ್ತಿದ್ದಳು. ಅಲ್ಲಿಯವರೆಗೆ ಯಾರಿಗೂ ಅವಳಿಂದ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ಸ್ಲ್ಯಾಬಿನ ದಿನ.

ಮನೆ ಕಟ್ಟಿದವರಿಗೆ ಗೊತ್ತು, ಸ್ಲ್ಯಾಬ್ ಹಾಕುವ ದಿನ ಎಂದರೆ ಯುದ್ಧದ ದಿನ. ಬೆಳಿಗ್ಗೆ ಮಿಕ್ಸರಿನ ಗಾಲಿಗೆ ಹುಂಜ ಕೊಯ್ದು ರಕ್ತ ಹಚ್ಚಬೇಕು, ಸಂಜೆ ಮಾಲೀಕ ಮಟನ್ ಊಟ ಹಾಕಬೇಕು, ನಡುವೆ ಒಂದು ಗಳಿಗೆಯೂ ಕೆಲಸ ನಿಲ್ಲಬಾರದು. ಇಪ್ಪತ್ತು ಜನ ಸಾಲಾಗಿ ನಿಂತು ಕಾಂಕ್ರೀಟು ತುಂಬಿದ ಬಾಂಡ್ಲಿಗಳನ್ನು ಕೈಯಿಂದ ಕೈಗೆ ಮೇಲೇರಿಸುತ್ತಾರೆ. ಮೇಲೆ ಒಬ್ಬ ವೈಬ್ರೇಟರ್ ಮಷಿನ್ನಿನ ಕೊಳವೆಯನ್ನು ಹಸಿ ಕಾಂಕ್ರೀಟಿಗೆ ಚುಚ್ಚುತ್ತ ಅದನ್ನು ಅದುರಿಸಿ ಕೂರಿಸುತ್ತಾನೆ. ಆ ಮಷಿನ್ನಿನ ಕೊರೆಯುವ ಸಪ್ಪಳ ಶುರುವಾಯಿತೆಂದರೆ ದಾನೇಶ್ವರಿ ಮೈಮೇಲೆ ಬಂದವಳಂತೆ ಚೀರುತ್ತಿದ್ದಳು.

ಸುಗಲಮ್ಮನೂ ಕಟ್ಟಳೆ ಮೀರುತ್ತಿರಲಿಲ್ಲ. ಸ್ಲ್ಯಾಬಿನ ದಿನ ಒಂದು ಬಿದಿರು ಕೋಲನ್ನು ಹತ್ತುವ ಹಲಗೆಯ ಬುಡದಲ್ಲಿ ಮೊದಲೇ ಇಟ್ಟಿರುತ್ತಿದ್ದಳು. ಮಗಳು ಚೀರಿದ ಕೂಡಲೇ ಓಡಿ ಹೋಗಿ ಬೆನ್ನಿನ ಮೇಲೆ ಐದಾರು ಬಾರಿಸಿ, ರಟ್ಟೆ ಹಿಡಿದು ದೂರದ ಗೋಡೆಯ ಹಿಂದಕ್ಕೆ ಎಳೆದೊಯ್ದು, "ಆತು ಆತು, ಮುಗೀತು" ಎಂದು ಕೂರಿಸಿ ಬರುತ್ತಿದ್ದಳು. ಆ ಗೋಡೆಯ ಹಿಂದೆ ಸಪ್ಪಳ ಕಡಿಮೆ. ಹುಡುಗಿ ಸುಮ್ಮನಾಗುತ್ತಿದ್ದಳು. ನೋಡಿದಿರಾ, ದಂಡಂ ದಶಗುಣಂ ಎಂದು ತಂಡದವರು ತಲೆದೂಗುತ್ತಿದ್ದರು. ಸುಮ್ಮನಾಗಿಸಿದ್ದು ಕೋಲೋ ಗೋಡೆಯೋ ಎಂದು ಯೋಚಿಸುವ ಪುರಸೊತ್ತು ಯಾರಿಗಿತ್ತು?

ಹೋದ ಬೇಸಿಗೆಯ ಒಂದು ಸ್ಲ್ಯಾಬಿನಲ್ಲಿ ಸುಗಲಮ್ಮ ತಲುಪುವುದು ತುಸು ತಡವಾಯಿತು. ಅಷ್ಟರಲ್ಲಿ ದಾನೇಶ್ವರಿ ಮೇಲೆ ಹತ್ತಿ, ವೈಬ್ರೇಟರ್ ಹಿಡಿದಿದ್ದ ಪವನನ ಮುಂಗೈಯನ್ನು ಹಲ್ಲು ಇಳಿಯುವಂತೆ ಕಚ್ಚಿದ್ದಳು. ಮಷಿನ್ ಕೆಳಗೆ ಬಿದ್ದು ಕೆಟ್ಟಿತು, ಕೆಲಸ ಅರ್ಧಕ್ಕೆ ನಿಂತಿತು, ಹಾಕಿದ್ದನ್ನೆಲ್ಲ ಮರುದಿನ ಒಡೆಯಬೇಕಾಯಿತು. ಸುಗಲಮ್ಮ ಕೋಲು ಮುರಿಯುವಷ್ಟು ಹೊಡೆದಳು. ಕಟ್ಟಳೆಯ ಪ್ರಕಾರ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಮಲ್ಲಣ್ಣ ತಂಗಿಯನ್ನು ಪಕ್ಕಕ್ಕೆ ನೂಕಿ, ನೆಲಕ್ಕೆ ಬಿದ್ದಿದ್ದ ಹುಡುಗಿಯ ಪಕ್ಕೆಗೆ ಬೂಟುಗಾಲಿನಿಂದ ಒದ್ದ. ಪವನನೂ ಒದ್ದ.

ಅವತ್ತು ಸಂಜೆ ಮಲ್ಲಣ್ಣ ಶೆಡ್ಡಿನ ಬಾಗಿಲಿಗೆ ಬಂದು ನಿಂತ.

"ಸುಗಲೀ, ಮುಂದಿನ ಸ್ಲ್ಯಾಬಿನ್ಯಾಗ ಈಕಿ ಇಂಥಾ ರಂಪ ಮಾಡಿದ್ಲಂದ್ರ ನಾನ ಕೈ ಹಿಡದು ಒಯ್ದು ಊರಾಗಿನ ಆ ಗುಡಿಗೆ ಬಿಟ್ಟ ಬರ್ತೀನಿ. ನಲವತ್ತೊಂದು ದಿನ ಸರಪಳಿ ಹಾಕಿದ್ರ ಎಂಥಾ ಗಾಳಿ ಇದ್ರೂ ಇಳೀತೈತಿ."

"ನನಗ ಒಂಬತ್ತ ದಿನ ಹಾಕಿದ್ರಲ್ಲ ಅಣ್ಣಾ?"

"ಹಾಕಿದ್ರು. ನೆಟ್ಟಗಾದಿ."

ಅಣ್ಣನ ತಂಡ ಬಿಟ್ಟರೆ ಕೂಲಿಯಿಲ್ಲ, ಶೆಡ್ಡಿಲ್ಲ. ಸುಗಲಮ್ಮ ಮಗಳ ಎಡಗಾಲನ್ನು ನೋಡುತ್ತ ಕೂತಳು. ಬಳಿಕ ಹೊಸ ಬಿದಿರು ಕಡಿದು ತಂದಳು. ಮುಂದಿನ ಸಲ ತಡಮಾಡಬಾರದು, ಇನ್ನೂ ಜೋರಾಗಿ ಹೊಡೆಯಬೇಕು ಎಂದು ಅವಳಿಗೆ ತಿಳಿದದ್ದು ಅಷ್ಟೆ. ನನಗೆ ಇದನ್ನು ಹೇಳುವಾಗಲೂ ಹೊಟ್ಟೆ ಉರಿಯುತ್ತದೆ, ಆದರೆ ಅವಳ ಗಂಟಿನಲ್ಲಿ ಬೇರೆ ಬುತ್ತಿ ಇರಲಿಲ್ಲ.

ಶೆಡ್ಡುಗಳ ಸಾಲಿನ ಕೊನೆಗೆ ಒಂದು ಸಂಸ್ಥೆಯವರು ಬಾಲವಾಡಿ ನಡೆಸುತ್ತಿದ್ದರು. ಅಲ್ಲಿಯ ಟೀಚರು ಸ್ನೇಹಲತಾ ಬೀದರಿನವಳು, ಇಪ್ಪತ್ತೈದರ ಹುಡುಗಿ. ದಾನೇಶ್ವರಿಯ ಬೆನ್ನಿನ ಬಾಸುಂಡೆ ನೋಡಿ ರಿಜಿಸ್ಟರ್ ಹಿಡಿದುಕೊಂಡು ಬಂದಳು. "ನನ್ನ ಮಗಳಿಗೆ ಹುಚ್ಚ ಅಂತ ಬರಕೊಂಡು ಹೋಗಾಕ ಬಂದೀಯೇನ?" ಎಂದು ಸುಗಲಮ್ಮ ರಿಜಿಸ್ಟರ್ ಕಿತ್ತು ಗಟಾರಕ್ಕೆ ಎಸೆದಳು, ಟೀಚರನ್ನು ಹಿಡಿದು ಹೊರಗೆ ನೂಕಿದಳು. ಮರುದಿನ ಸ್ನೇಹಲತಾ ಅದೇ ರಿಜಿಸ್ಟರನ್ನು ಒಣಗಿಸಿಕೊಂಡು ಮತ್ತೆ ಬಂದಳು. ಮೊಂಡಿಗೆ ಮೊಂಡಿ ಗಂಟುಬಿದ್ದಿದ್ದಳು.

"ಹುಚ್ಚಲ್ಲರಿ ಅಕ್ಕಾ, ಗಾಳಿನೂ ಅಲ್ಲ. ಡಾಕ್ಟರು ಇದಕ್ಕ ಆಟಿಸಂ ಅಂತಾರ. ಹೆಸರು ಹಾಳಾಗಲಿ ಬಿಡ್ರಿ. ಒಬ್ಬೊಬ್ಬರ ಮಿದುಳು ಒಂದೊಂದು ನಮೂನಿ ಇರ್ತೈತಿ. ಆ ಮಷಿನ್ ಸಪ್ಪಳ ನನಗೂ ಕೇಳತೈತಿ, ಕಿವಿಗೆ ಬಡದು ಹೋಗಿಬಿಡತೈತಿ. ದಾನೇಶ್ವರಿಗೆ ಹೋಗಂಗಿಲ್ಲ. ಒಳಗ ಹೊಕ್ಕು ಹಲ್ಲಿನ ಬೇರು ಕೊರದಂಗ ಕೊರೀತೈತಿ. ಆಕಿ ಹಟ ಮಾಡಾಕತ್ತಿಲ್ಲರಿ, ಆಕಿಗೆ ನೋಯಾಕತ್ತೈತಿ."

ಸುಗಲಮ್ಮನ ಕೈ ತಾನಾಗಿ ತನ್ನ ಕಿವಿಗೆ ಹೋಯಿತು. ಸ್ನೇಹಲತಾ ಅದನ್ನು ನೋಡಿದಳು.

"ನೀವ್ಯಾಕ ಯಾವಾಗಲೂ ಕಿವಿಗೆ ಹತ್ತಿ ಇಟಗೊಂತೀರಿ?"

"ಧೂಳು."

"ಧೂಳಿಗೆ ಮೂಗು ಕಟಗೊಬೇಕಲ್ಲರಿ?"

ಹೊಡೆಯಲು ಎತ್ತಿದ ಕೈ ಅರ್ಧಕ್ಕೆ ನಿಂತಿತು. ಸುಗಲಮ್ಮ ಧಪ್ಪನೆ ಕೂತಳು. ಮೂವತ್ತು ವರ್ಷಗಳಲ್ಲಿ ಇದನ್ನು ಅವಳ ಹತ್ತಿರ ಕೇಳಿದವರಲ್ಲಿ ಮೊದಲನೆಯವಳು ಈ ಹುಡುಗಿ. ತನ್ನದು ಗಾಳಿಯಲ್ಲ, ನೋವು ಎಂದು ಅವಳಿಗೇ ಯಾರೂ ಹೇಳಿರಲಿಲ್ಲ.

ಆಮೇಲೆ ಅವಳು ಕೇಳಿದಳು, "ಟೀವಿಯಾಗ ತೋರಿಸ್ತಾರಲ್ಲ, ಇಂಥವ್ರು ಲೆಕ್ಕದಾಗ ಭಾಳ ಶಾಣ್ಯಾ ಆಗ್ತಾರಂತ. ಈಕೀನೂ ಆಗ್ತಾಳೇನ್ರಿ?"

"ಆಗದ ಇರಬೌದ್ರಿ ಅಕ್ಕಾ. ಆಗದಿದ್ರೂ ಹೊಡೀಬಾರದು. ಒಂದ ಮಾತು ನೆನಪಿಡ್ರಿ. ಆಕಿ ತಲಿ ಒಂದರ ಹಿಂದ ಒಂದು ಗಂಟು ಹಾಕೋ ತಲಿ. ಚಹಾದ ಹಿಂದ ರೊಟ್ಟಿ, ರೊಟ್ಟಿ ಹಿಂದ ಬಾಚಣಿಕಿ. ನಾವು ಏನೇನ ಗಂಟು ಹಾಕಿ ಕೊಡತೀವೋ ಅದನ್ನ ಆಕಿ ಬಿಡಂಗಿಲ್ಲ."

ಸ್ಲ್ಯಾಬಿನ ದಿನ ಹುಡುಗಿಯನ್ನು ಬಾಲವಾಡಿಯಲ್ಲಿ ಇಟ್ಟುಕೊಳ್ಳುವುದೆಂದು ಮಾತಾಯಿತು. ಸುಗಲಮ್ಮ ಮಗಳ ಕಿವಿಗೂ ಹತ್ತಿ ಇಡಲು ನೋಡಿದಳು. ಹುಡುಗಿ ಅದನ್ನು ಕಿತ್ತೆಸೆದಳು. ತನ್ನ ಕಿವಿಯನ್ನು ಬೇರೆಯವರ ಬೆರಳು ಮುಟ್ಟುವುದು ಅವಳಿಗೆ ಆಗುತ್ತಿರಲಿಲ್ಲ.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಶನಿವಾರದ ಸ್ಲ್ಯಾಬು ಮಳೆಯ ಹೆದರಿಕೆಗೆ ಶುಕ್ರವಾರಕ್ಕೆ ಬಂತು. ಶುಕ್ರವಾರ ಸ್ನೇಹಲತಾಳಿಗೆ ಹಿಮಾಯತ್‌ನಗರದ ಆಫೀಸಿನಲ್ಲಿ ಮೀಟಿಂಗು, ಬಾಲವಾಡಿಗೆ ಬೀಗ. ಸುಗಲಮ್ಮ ಮಗಳನ್ನು ಕರೆದುಕೊಂಡೇ ಕೆಲಸಕ್ಕೆ ಹೋದಳು. ದೂರದ ಮರಳಿನ ಗುಡ್ಡೆಯ ಹಿಂದೆ ಕೂರಿಸಿ, ತಲೆಗೆ ಟವೆಲ್ ಸುತ್ತಿದಳು. ಕೋಲನ್ನು ಹಲಗೆಯ ಬುಡದಲ್ಲಿ ಇಟ್ಟಳು. ಇಡಬಾರದೆಂದು ಅನ್ನಿಸಿತು, ಆದರೂ ಇಟ್ಟಳು.

ಹುಂಜದ ತಲೆ ಹಾರಿ ಬಿತ್ತು, ತಲೆಯಿಲ್ಲದ ಮೈ ಮಿಕ್ಸರಿನ ಸುತ್ತ ಎರಡು ಸುತ್ತು ಓಡಿತು. ಸಾಲು ನಿಂತಿತು. ಸುಗಲಮ್ಮ ಹಲಗೆಯ ಮೇಲಿನ ತುದಿಯಲ್ಲಿ, ಸ್ಲ್ಯಾಬಿನ ಸರಳುಗಳ ಪಕ್ಕಕ್ಕೆ, ಅವಳ ಕೆಳಗೆ ಅಮರೇಶಪ್ಪನೆಂಬ ವಯಸ್ಸಾದ ಕೂಲಿ. ಮೇಲೆ ಪವನ ವೈಬ್ರೇಟರಿನ ಗುಂಡಿ ಒತ್ತಿದ. ಅವನ ಮುಂಗೈಯಲ್ಲಿ ಹಲ್ಲಿನ ಗುರುತು ಇನ್ನೂ ಇತ್ತು.

ಸಪ್ಪಳ ಎದ್ದಿತು. ಮಲ್ಲಣ್ಣ ತಂಗಿಯ ಕಡೆ ತಿರುಗಿ ನೋಡಿದ. ಸಾಲಿನ ಎಲ್ಲರೂ ಮರಳಿನ ಗುಡ್ಡೆಯ ಕಡೆ ನೋಡಿದರು.

ದಾನೇಶ್ವರಿ ಎದ್ದು ನಿಂತಳು. ಚೀರಲಿಲ್ಲ. ಮುಖ ಬೂದಿಯಾಗಿತ್ತು. ನೇರ ನಡೆದು ಬಂದು ಹಲಗೆಯ ಬುಡದ ಕೋಲನ್ನು ಎತ್ತಿಕೊಂಡಳು. ಜನರನ್ನು ತಳ್ಳಿಕೊಂಡು ಮೇಲೆ ಹತ್ತಿ ತಾಯಿಯ ಮುಂದೆ ನಿಂತು, ಕೋಲನ್ನು ಅವಳ ಕೈಯಲ್ಲಿಟ್ಟಳು. ಆಮೇಲೆ ತಿರುಗಿ, ಫ್ರಾಕನ್ನು ಹೆಗಲವರೆಗೆ ಎತ್ತಿ, ಬೆನ್ನು ಬಗ್ಗಿಸಿ, ಪಕ್ಕದ ಬಿದಿರು ಕಂಬವನ್ನು ಎರಡೂ ಕೈಯಲ್ಲಿ ಅವಚಿ ಹಿಡಿದಳು.

"ಆತು ಆತು, ಮುಗೀತು," ಅಂದಳು. "ಆತು ಆತು, ಮುಗೀತು."

ಸುಗಲಮ್ಮನಿಗೆ ಆ ಕ್ಷಣ ಎಲ್ಲ ತಿಳಿಯಿತು. ಸಪ್ಪಳ, ಆಮೇಲೆ ಕೋಲು, ಆಮೇಲೆ ಆತು ಆತು, ಆಮೇಲೆ ಗೋಡೆಯ ಹಿಂದಿನ ಮೌನ. ಗಂಟು ಹಾಕಿ ಕೊಟ್ಟವಳು ತಾನೇ. ಹುಡುಗಿಯ ಲೆಕ್ಕದಲ್ಲಿ ಸಪ್ಪಳ ನಿಲ್ಲಬೇಕಾದರೆ ಬೆನ್ನು ಕೊಡಬೇಕು. ಬೇಗ ನಿಲ್ಲಲಿ ಎಂದು ಈ ಸಲ ಕೋಲನ್ನು ತಾನೇ ತಂದಿದ್ದಳು. ತಾಯಿ ಹೊಡೆಯುವುದು ಕಾಪಾಡಲಿಕ್ಕೆ ಎಂದು ಅವಳಿಗೆ ಯಾವತ್ತೂ ಗೊತ್ತಿರಲಿಲ್ಲ. ಏಳು ವರ್ಷದ ಸುಗಲಮ್ಮನಿಗೂ ಗೊತ್ತಿರಲಿಲ್ಲ.

ಕೆಳಗಿಂದ ಬಂದ ಬಾಂಡ್ಲಿಯನ್ನು ಅವಳ ಕೈ ಹಿಡಿಯಲಿಲ್ಲ. ಅದು ಉರುಳಿ ಅಮರೇಶಪ್ಪನ ಪಾದದ ಮೇಲೆ ಬಿತ್ತು. ಸಾಲು ಮುರಿಯಿತು. "ಆಪೊದ್ದು, ಆಪೊದ್ದು!" ನಿಲ್ಲಿಸಬೇಡಿ ಎಂದು ಎಂಜಿನಿಯರು ತೆಲುಗಿನಲ್ಲಿ ಕೂಗಿಕೊಂಡ.

"ಹೊಡಿ! ಹೊಡದು ಕೆಳಗ ಒಯ್ಯಿ ಆಕಿನ್ನ!" ಮಲ್ಲಣ್ಣ ಅರಚಿದ.

ಸುಗಲಮ್ಮ ಕೋಲು ಎತ್ತಿದಳು. ಮಗಳ ಬೆನ್ನಿನ ಚರ್ಮ ಏಟಿಗೆ ಮೊದಲೇ ಬಿಗಿದುಕೊಂಡಿತು. ಸುಗಲಮ್ಮ ಕೋಲನ್ನು ಮೊಣಕಾಲಿಗೆ ಕೊಟ್ಟು ಎರಡು ತುಂಡು ಮಾಡಿ ಹಸಿ ಕಾಂಕ್ರೀಟಿಗೆ ಎಸೆದಳು.

ಮಲ್ಲಣ್ಣ ಧಾವಿಸಿ ಬಂದು ಹುಡುಗಿಯ ಜಡೆ ಹಿಡಿದು ಎಳೆದ. ಕಂಬ ಅವಚಿದ್ದ ಬೆರಳುಗಳು ಬಿಟ್ಟವು, ಹಣೆ ಕಬ್ಬಿಣದ ಸರಳಿಗೆ ಬಡಿದು ರಕ್ತ ಬಂತು. "ಇವತ್ತ ಬಸ್ ಹತ್ತಸ್ತೀನಿ ಈಕಿನ್ನ! ಸರಪಳಿ ಬೀಳ್ಲಿ!"

ಸುಗಲಮ್ಮ ಕಾಲ ಬಳಿ ಬಿದ್ದಿದ್ದ ಇನ್ನೊಂದು ಬಾಂಡ್ಲಿಯನ್ನು ಎತ್ತಿ ಅದರ ಅಂಚಿನಿಂದ ಅಣ್ಣನ ಮುಂಗೈಗೆ ಅಪ್ಪಳಿಸಿದಳು. ಎಲುಬು ಮುರಿದ ಸಪ್ಪಳ ಮಷಿನ್ನಿನ ಸಪ್ಪಳದಲ್ಲೂ ಕೇಳಿಸಿತು. ಅವನು ಜಡೆ ಬಿಟ್ಟ. ಎರಡನೆಯ ಏಟು ಭುಜಕ್ಕೆ ಬಿತ್ತು, ಅವನು ಸರಳುಗಳ ಮೇಲೆ ಮುಖ ಅಡಿಯಾಗಿ ಉರುಳಿದ. ಒಡಹುಟ್ಟಿದವನು ಎಂಬ ಮರುಕ ಅವಳಿಗೆ ಆಗ ಒಂದು ಎಳ್ಳಿನಷ್ಟೂ ಬರಲಿಲ್ಲ.

"ಸರಪಳಿ ಹಾಕವ್ರು ಮೊದಲ ನನ್ನ ಕುತ್ತಿಗಿಗೆ ಹಾಕ್ರಿ, ಬರ್ರಿ!"

ಬಂದರು. ಪವನ ಮಷಿನ್ನಿನ ಕೊಳವೆಯನ್ನು ಹಾಗೆಯೇ ಬಿಟ್ಟು ಬಂದು ಅವಳ ಹೊಟ್ಟೆಗೆ ಒದ್ದ. ಮತ್ತಿಬ್ಬರು ಬಂದರು. ಸುಗಲಮ್ಮ ಈ ಸಲ ತಿರುಗಿ ಹೊಡೆಯಲಿಲ್ಲ. ಮಗಳನ್ನು ಕೆಳಗೆ ಹಾಕಿಕೊಂಡು, ಅವಳ ತಲೆಯನ್ನು ಎದೆಗೆ ಒತ್ತಿ, ಬೋರಲು ಬಿದ್ದಳು. ಬೆನ್ನ ಮೇಲೆ ಒದೆ ಬಿದ್ದವು, ಸಲಿಕೆಯ ಹಿಡಿ ಬಿತ್ತು, ಒಂದು ಪಕ್ಕೆಲುಬು ಮುರಿಯಿತು. ಮೊದಲ ಏಟು, ಕೊನೆಯ ಏಟು, ನಡುವಿನ ಎಲ್ಲ ಏಟೂ ಅವತ್ತು ತಾಯಿಯವೇ. ಕೆಳಗಿನಿಂದ ಹುಡುಗಿ ಒಂದೇ ಸಮನೆ "ಆತು ಆತು" ಅನ್ನುತ್ತಿದ್ದಳು. ಮಷಿನ್ ಮಾತ್ರ ಓಡುತ್ತಲೇ ಇತ್ತು.

ಕೊನೆಗೆ ಅದನ್ನು ಆರಿಸಿದವನು ಅಮರೇಶಪ್ಪ. ರಕ್ತ ಸೋರುವ ಪಾದವನ್ನು ಎಳೆಯುತ್ತ ಮೇಲೆ ಹತ್ತಿ ತಂತಿ ಕಿತ್ತುಹಾಕಿದ.

ಸಪ್ಪಳ ನಿಂತಿತು. ಆ ಗಳಿಗೆಯೇ ದಾನೇಶ್ವರಿಯ ಬಾಯಿಯೂ ನಿಂತಿತು. ತಾಯಿಯ ಕೆಳಗಿನಿಂದ ಹೊರಬಂದು, ಹಣೆಯ ರಕ್ತ ಒರೆಸಿಕೊಂಡು, ಗದ್ದಲದಲ್ಲಿ ಚೆಲ್ಲಿಹೋಗಿದ್ದ ಚಪ್ಪಲಿಗಳನ್ನು ಜೋಡಿ ಮಾಡತೊಡಗಿದಳು. ಒದೆಯಲು ಕಾಲು ಎತ್ತಿದ್ದವನ ಚಪ್ಪಲಿಯನ್ನೂ ಅವನ ಕಾಲ ಬಳಿ ಸರಿಯಾಗಿ ಇಟ್ಟಳು. ಅವನು ಕಾಲು ಇಳಿಸಿದ.

"ನಾವು ಈ ಗುಂಡಿ ಒಂದ ಆರಿಸಿದ್ರ ಸಾಕಿತ್ತೇನೋ?" ಅಮರೇಶಪ್ಪ ಯಾರನ್ನೂ ನೋಡದೆ ಕೇಳಿದ.

ಆ ಸಂಜೆಯೇ ಸುಗಲಮ್ಮನ ಪಾತ್ರೆಪಗಡೆ ಶೆಡ್ಡಿನ ಹೊರಗೆ ಬಿದ್ದವು. ಮಲ್ಲಣ್ಣ ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದು, ಇನ್ನು ನನಗೆ ತಂಗಿಯಿಲ್ಲ ಎಂದ. ಇಲ್ಲದಿದ್ದರೆ ಬೇಡ ಎಂದು ಅವಳೂ ಅಂದಳು.

ಈಗ ತಾಯಿ ಮಗಳು ಶಂಶಾಬಾದಿನಲ್ಲಿದ್ದಾರೆ. ಸ್ನೇಹಲತಾಳ ಪರಿಚಯದ ತುಳಸಾಬಾಯಿ ಎಂಬವಳ ಸಸಿ ಮಾರುವ ನರ್ಸರಿಯಲ್ಲಿ ಸುಗಲಮ್ಮ ನೀರು ಹಾಕುತ್ತಾಳೆ. ಮಿಕ್ಸರಿಲ್ಲ, ವೈಬ್ರೇಟರಿಲ್ಲ. ಆದರೆ ಅದೃಷ್ಟ ನೋಡಿ, ವಿಮಾನಗಳು ತಲೆಯ ಮೇಲೆಯೇ ಇಳಿಯುತ್ತವೆ. ಮೊದಲ ವಿಮಾನ ಹೋದಾಗ ದಾನೇಶ್ವರಿ ಎಲ್ಲಿಂದಲೋ ಸಸಿಗೆ ಊರುಗೋಲು ಕೊಡುವ ಕೋಲೊಂದನ್ನು ತಂದು ತಾಯಿಯ ಕೈಯಲ್ಲಿಟ್ಟು ಬೆನ್ನು ಬಗ್ಗಿಸಿದಳು. ಸುಗಲಮ್ಮ ಅದನ್ನು ಮುರಿದಳು. ಮರುದಿನ ಪೊರಕೆಯ ಹಿಡಿ ಬಂತು. ಆಮೇಲೆ ಸೌಟು, ಒಣ ಕೊಂಬೆ, ಪೈಪಿನ ತುಂಡು. ಎಂಟು ವರ್ಷ ಹೊಡೆದು ಕಟ್ಟಿದ ಗಂಟು ಎಂಟು ದಿನಕ್ಕೆ ಬಿಚ್ಚಲಿಲ್ಲ. ಪ್ರತಿ ಸಲವೂ ಸುಗಲಮ್ಮ ಕೋಲು ತೆಗೆದುಕೊಂಡು ಕೆಳಗಿಟ್ಟು, ಎತ್ತಿದ ಫ್ರಾಕನ್ನು ಇಳಿಸಿ, ಮಗಳನ್ನು ಗೊಬ್ಬರದ ಕೋಣೆಯೊಳಗೆ ಕರೆದೊಯ್ದು ಬಾಗಿಲು ಹಾಕುತ್ತಾಳೆ. ಪ್ರತಿ ಸಲವೂ ಅತ್ತಿದ್ದಾಳೆ.

ಮೊನ್ನೆ ಮಧ್ಯಾಹ್ನ ದೊಡ್ಡ ವಿಮಾನವೊಂದು ಬಹಳ ಕೆಳಗೆ ಬಂತು. ದಾನೇಶ್ವರಿ ಕೋಲಿಗಾಗಿ ಸುತ್ತ ನೋಡಿದಳು. ಹತ್ತಿರ ಏನೂ ಇರಲಿಲ್ಲ. ತಾಯಿಯ ಮುಂದೆ ಬಂದು ನಿಂತಳು, ಬೆನ್ನು ತಿರುಗಿಸಲಿಲ್ಲ. ಕೈ ಚಾಚಿ ತಾಯಿಯ ಎರಡೂ ಕಿವಿಗಳ ಹತ್ತಿಯನ್ನು ಕಿತ್ತು, ತನ್ನ ಕಿವಿಗಳಿಗೆ ತಾನೇ ತುರುಕಿಕೊಂಡು, ಅಲ್ಲೇ ಕುಂಡಗಳ ನಡುವೆ ಕೂತಳು.

ಮೂವತ್ತು ವರ್ಷ ತಡೆದಿದ್ದ ಸಪ್ಪಳವೆಲ್ಲ ಒಮ್ಮೆಗೇ ಸುಗಲಮ್ಮನ ತಲೆಯೊಳಗೆ ನುಗ್ಗಿತು. ಹಲ್ಲಿನ ಬೇರು ಕೊರೆದಂತಾಯಿತು. ಅವಳ ಬಲಗೈ ತಾನಾಗಿ ಮೇಲೆ ಎದ್ದಿತು. ಸುಗಲಮ್ಮ ಆ ಕೈಯನ್ನು ಎಳೆದು ತನ್ನ ತೊಡೆಯ ಕೆಳಗೆ ಹಾಕಿಕೊಂಡು, ಅದರ ಮೇಲೆ ಭಾರ ಬಿಟ್ಟು, ವಿಮಾನ ಇಳಿಯುವವರೆಗೆ ಮಗಳ ಪಕ್ಕದಲ್ಲೇ ಕೂತಳು.